ಹಾಗರಳ ಬಾವಿ

(ಆದಿಕಾಂಡ 21ನೆಯ ಅಧ್ಯಾಯ, 8ರಿಂದ 20ನೆಯ ವಚನದ ವರೆಗೆ ಓದಿರಿ.)



ಒಬ್ಬನೇ ತಂದೆಯ ಇಬ್ಬರು ಮಕ್ಕಳ ಸಂಗತಿಯು ಈ ವೇದಭಾಗದಲ್ಲಿದೆ. ಇಸಾಕನಿಗೆ ಹಾಲು ಬಿಡಿಸಿದ ದಿನ ಅಬ್ರಹಾಮನ ಗುಡಾರದಲ್ಲಿ ಹಬ್ಬದೂಟ ನಡೆಯಿತು. ಮನೆಯು ಸಂತೋಷದಿಂದ ತುಂಬಿತು. ಅದಾದ ಸ್ವಲ್ಪ ಕಾಲದಲ್ಲಿಯೇ ಅದೇ ತಂದೆಯ ಇನ್ನೊಬ್ಬ ಮಗನಾದ ಇಷ್ಮಾಯೇಲನು ತಾಯಿಯೊಡನೆ ಬೇರ್ಷೆಬದ ಅಡವಿಯಲ್ಲಿ ಅಲೆಯುತ್ತಿದ್ದನು. ಅವನ ತಾಯಿಯಾದ ಹಾಗರಳು ದಾಸಿ, ಪರದೇಶದವಳು. ಅವಳ ಪಾಲಿಗೆ ಬಂದದ್ದು ಕೊಂಚ ರೊಟ್ಟಿ, ಒಂದು ತಿತ್ತಿ ನೀರು. ತಿತ್ತಿ ಬರಿದಾಯಿತು. ಆಗ ಅವಳು ಹುಡುಗನನ್ನು ಗಿಡದ ಕೆಳಗೆ ಮಲಗಿಸಿ, ಅವನು ಸಾಯುವದನ್ನು ನೋಡಲಾರದೆ ದೂರ ಹೋಗಿ ಕೂತು ಅತ್ತಳು.

ನಮ್ಮ ಸೀಮೆಯವರಿಗೆ ಈ ಸಂಗತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳವರು ನೀರಿನ ಬೆಲೆಯನ್ನು ಬಲ್ಲರು. ದೊಡ್ಡೇರಿಯ ಸುತ್ತಿನ ಹಳ್ಳಿಗಳಲ್ಲಿ ಮಳೆ ತಪ್ಪಿದ ವರುಷ ಕಡಲೆಕಾಯಿಯ ಹೊಲವು ಹೇಗೆ ಒಣಗುವದೆಂದು ನಾವೆಲ್ಲರೂ ಕಂಡಿದ್ದೇವೆ. ಆದರೆ ಈ ತಿಂಗಳು ನಾವು ಮಾತಾಡಬೇಕೆಂದಿರುವದು ತೊಟ್ಟಿಲಿನ ಬೆಳೆಯನ್ನು ಕುರಿತು. ಐದು ವರುಷ ತುಂಬುವದಕ್ಕೆ ಮುಂಚೆ ಮಣ್ಣು ಸೇರುವ ಕೂಸುಗಳನ್ನು ಕುರಿತು, ಅವುಗಳಲ್ಲಿ ಬದುಕಬಹುದಾಗಿದ್ದೂ ಸತ್ತವುಗಳನ್ನು ಕುರಿತು, ಸಭೆಯವರೆಲ್ಲರೂ ದೇವರ ಮುಂದೆ ಆಲೋಚಿಸಬೇಕೆಂದು ಬೇಡಿಕೊಳ್ಳುತ್ತೇವೆ.

ಹಳ್ಳಿಯಲ್ಲಿ ಕೂಸು ತೀರಿಹೋದಾಗ ನೆರೆಯವರು ಬಂದು, ಅದರ ಋಣ ಅಷ್ಟೇ ಇತ್ತು, ಹಣೆಯಲ್ಲಿ ಬರೆದದ್ದನ್ನು ಅಳಿಸುವವರು ಯಾರು ಎನ್ನುವರು. ವಿಶ್ವಾಸಿಗಳ ಮನೆಯಲ್ಲಿ ಅದೇ ಮಾತು ಬೇರೆ ಬಟ್ಟೆ ತೊಟ್ಟು ಬರುವದುಂಟು: ದೇವರ ಚಿತ್ತ, ಕೊಟ್ಟವನೇ ತೆಗೆದುಕೊಂಡನು. ಯೋಬನಂಥ ಭಕ್ತನು ದುಃಖದಲ್ಲಿ ಆಡಿದ ಮಾತಿಗೆ ನಾವು ಎದುರಾಡುವದಿಲ್ಲ. ಆದರೆ ಯೋಬನು ಮಕ್ಕಳ ಜೀವವನ್ನು ಅಲಕ್ಷ್ಯಮಾಡಿ ಆ ಮಾತನ್ನು ಆಡಲಿಲ್ಲವೆಂಬದನ್ನು ನೆನಪಿಗೆ ತಂದುಕೊಳ್ಳಬೇಕು. ಅವರಿಗೋಸ್ಕರ ಅವನು ಬೆಳಿಗ್ಗೆ ಎದ್ದು ಯಜ್ಞವನ್ನರ್ಪಿಸುತ್ತಿದ್ದನು. ಮಾಡಬೇಕಾದದ್ದನ್ನೆಲ್ಲಾ ಮಾಡಿದವನು ದೇವರ ಚಿತ್ತವೆಂದು ತಲೆಬಾಗುವದು ಭಕ್ತಿ. ಮಾಡಬಹುದಾದದ್ದನ್ನು ಬಿಟ್ಟು ಆ ಮಾತನ್ನು ಹೇಳುವದು ದೇವರ ಮೇಲೆ ತಪ್ಪು ಹೊರಿಸುವದಾಗಿದೆ.

1. ತಂದೆ ಒಬ್ಬನೇ, ಪಾಲು ಬೇರೆ.

ಮಕ್ಕಳ ಮರಣವೆಲ್ಲವೂ ದೇವರ ನೇಮವೇ ಆಗಿದ್ದರೆ ಅದು ಎಲ್ಲಾ ಮನೆಗಳಿಗೂ ಒಂದೇ ತೆರನಾಗಿ ಬರಬೇಕಾಗಿತ್ತಲ್ಲವೇ? ಲೆಕ್ಕವನ್ನು ನೋಡೋಣ. 2020ರಲ್ಲಿ ಸರ್ಕಾರದವರು ಎಣಿಸಿದ ಪ್ರಕಾರ, ಕೇರಳದಲ್ಲಿ ಹುಟ್ಟಿದ 1000 ಕೂಸುಗಳಲ್ಲಿ ಒಂದು ವರುಷ ತುಂಬುವದರೊಳಗೆ ಸತ್ತವುಗಳು 6. ನಮ್ಮ ಕರ್ನಾಟಕದಲ್ಲಿ 19. ಮಧ್ಯಪ್ರದೇಶದಲ್ಲಿ 43. ದೇಶದ ಪಟ್ಟಣಗಳಲ್ಲೆಲ್ಲಾ ಸೇರಿ 19 ಆದರೆ ಹಳ್ಳಿಗಳಲ್ಲಿ 31. ಕೇರಳದ ತಾಯಿಯನ್ನು ದೇವರು ಹೆಚ್ಚಾಗಿ ಪ್ರೀತಿಸಿ ಮಧ್ಯಪ್ರದೇಶದ ತಾಯಿಯನ್ನು ಮರೆತನೆಂದು ಹೇಳುವ ಧೈರ್ಯ ಯಾರಿಗುಂಟು?

ಇನ್ನೊಂದು ಲೆಕ್ಕವೂ ಉಂಟು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಜನರನ್ನು ಅವರ ಮನೆಯ ಸ್ಥಿತಿಗೆ ತಕ್ಕಂತೆ ಐದು ಪಾಲು ಮಾಡಿ ನೋಡಿದರು. ಅತಿ ಬಡವರ ಪಾಲಿನಲ್ಲಿ ಹುಟ್ಟಿದ 1000 ಮಕ್ಕಳಲ್ಲಿ ಸುಮಾರು 59 ಮಕ್ಕಳು ಐದು ವರುಷ ತುಂಬುವದರೊಳಗೆ ತೀರಿಹೋದರು. ಅತಿ ಐಶ್ವರ್ಯವಂತರ ಪಾಲಿನಲ್ಲಿ ಸುಮಾರು 20. ಪರಿಶಿಷ್ಟ ಜಾತಿ ಹಾಗೂ ಪಂಗಡಗಳ ಮನೆಗಳಲ್ಲಿ ಸತ್ತವರು ಇತರರಿಗಿಂತ ಹೆಚ್ಚು. ಒಂದೇ ದೇಶ, ಒಂದೇ ಆಕಾಶ. ಆದರೆ ಬಡವನ ಮನೆಯಲ್ಲಿ ಮೂರು ಚಿಕ್ಕ ಸಮಾಧಿಗಳಾಗುವಾಗ ಐಶ್ವರ್ಯವಂತನ ಮನೆಯಲ್ಲಿ ಒಂದು ಆಗುತ್ತದೆ. ಇದು ಗುಡಾರದ ಹಬ್ಬದೂಟಕ್ಕೂ ಅಡವಿಯ ಬರಿದಾದ ತಿತ್ತಿಗೂ ಇರುವ ಭೇದವಲ್ಲದೆ ಮತ್ತೇನು?

ಅಡವಿಯಲ್ಲಿ ಬಿದ್ದಿದ್ದ ಹುಡುಗನ ಹೆಸರನ್ನು ಗಮನಿಸಿರಿ. ಇಷ್ಮಾಯೇಲನೆಂದರೆ ದೇವರು ಕೇಳುತ್ತಾನೆ ಎಂದರ್ಥ. ಗುಡಾರದಿಂದ ಹೊರಗೆ ಹಾಕಲ್ಪಟ್ಟ ದಾಸಿಯ ಮಗನ ಕೂಗನ್ನು ದೇವರು ಅವನು ಬಿದ್ದಿದ್ದ ಸ್ಥಳದಿಂದಲೇ ಕೇಳಿದನೆಂದು ವೇದವು ಸಾಕ್ಷಿ ಕೊಡುತ್ತದೆ. ಪಾಲನ್ನು ಬೇರೆ ಮಾಡಿದವರು ಮನುಷ್ಯರು. ಕಿವಿಗೊಟ್ಟವನು ದೇವರು.

2. ಬಾವಿ ಹತ್ತಿರದಲ್ಲಿಯೇ ಇತ್ತು.

ದೇವರು ಹಾಗರಳಿಗೆ ಆಕಾಶದಿಂದ ಮಳೆ ಸುರಿಸಲಿಲ್ಲ. ಬಂಡೆಯನ್ನು ಸೀಳಿ ನೀರು ಬರಮಾಡಲಿಲ್ಲ. ಅವಳ ಕಣ್ಣುಗಳನ್ನು ತೆರೆದನು; ಅವಳು ಬಾವಿಯನ್ನು ಕಂಡಳು. ನೀರು ಅಲ್ಲಿರುವಾಗಲೇ ಹುಡುಗನು ಬಾಯಾರಿ ಸಾಯುತ್ತಿದ್ದನು. ಮಕ್ಕಳ ಮರಣದ ಸಂಗತಿಯೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ.

ನಮ್ಮ ದೇಶದಲ್ಲಿ 1971ರಲ್ಲಿ ಹುಟ್ಟಿದ 1000 ಕೂಸುಗಳಲ್ಲಿ ವರುಷದೊಳಗೆ ಸತ್ತವುಗಳು 129, 2020ರಲ್ಲಿ 28. ಸಮಸ್ತ ಲೋಕದಲ್ಲಿ 1990ರಲ್ಲಿ ಐದು ವರುಷದೊಳಗಿನ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಸತ್ತರು. 2022ರಲ್ಲಿ ಸುಮಾರು 49 ಲಕ್ಷ. ದೇವರ ಚಿತ್ತವು ಈ ನಡುವೆ ಬದಲಾಯಿತೇ? ಇಲ್ಲ. ಜನರು ಬಾವಿಗಳನ್ನು ಒಂದೊಂದಾಗಿ ಕಂಡರು.

ಆ ಬಾವಿಗಳಲ್ಲಿ ಕೆಲವನ್ನು ಹೇಳುವೆವು. ಹಿಂದೆ ಹುಟ್ಟಿದ ಏಳೆಂಟು ದಿನಗಳಲ್ಲಿ ಕೂಸಿನ ದವಡೆ ಕಟ್ಟಿಕೊಂಡು, ಮೈ ಬಿಲ್ಲಿನಂತೆ ಸೆಟೆದು, ಅದು ಸಾಯುತ್ತಿತ್ತು. ಜನರು ಅದನ್ನು ಗಾಳಿಯೆಂದೂ ಗ್ರಹವೆಂದೂ ಹೇಳಿ ತಾಯಿತ ಕಟ್ಟಿದರು. ಅದು ಗ್ರಹವಲ್ಲ, ಧನುರ್ವಾಯು. ಹೊಲಸಾದ ಕುಡುಗೋಲಿನಿಂದ ಹೊಕ್ಕುಳುಬಳ್ಳಿ ಕೊಯ್ದು, ಗಾಯಕ್ಕೆ ಸಗಣಿಯನ್ನೋ ಬೂದಿಯನ್ನೋ ಹಚ್ಚಿದ್ದರಿಂದ ಆ ರೋಗವು ಒಳಸೇರುತ್ತಿತ್ತು. ಗರ್ಭಿಣಿಗೆ ಸೂಜಿಮದ್ದು, ಹೆರಿಗೆಗೆ ಶುದ್ಧವಾದ ಕೈ, ಕೊಯ್ಯುವದಕ್ಕೆ ಶುದ್ಧವಾದ ಅಲಗು, ಇವುಗಳಿಂದಲೇ ಆ ರೋಗವು ಅಡಗಿತು. ಹಸುಗೂಸುಗಳ ಧನುರ್ವಾಯು ಭಾರತದಲ್ಲಿ ಇನ್ನು ದೊಡ್ಡ ಪೀಡೆಯಾಗಿಲ್ಲವೆಂದು 2015ರಲ್ಲಿ ಸಾರಲಾಯಿತು.

ಎರಡನೆಯದು ಉಪ್ಪು ಸಕ್ಕರೆಯ ನೀರು. 1971ರಲ್ಲಿ ಪೂರ್ವ ಬಂಗಾಳದಿಂದ ಯುದ್ಧಕ್ಕೆ ಹೆದರಿ ಓಡಿಬಂದ ಲಕ್ಷಾಂತರ ಜನರಲ್ಲಿ ವಾಂತಿಭೇದಿ ಹುಟ್ಟಿತು. ಬನಗಾಂವ್ ಎಂಬಲ್ಲಿ ದಿಲೀಪ್ ಮಹಲನಬೀಸ್ ಎಂಬ ವೈದ್ಯರ ಬಳಿಯಲ್ಲಿ ನರಕ್ಕೆ ಹಾಕುವ ಮದ್ದಿನ ನೀರು ಸಾಲದೆ ಹೋಯಿತು. ಅವರು ಉಪ್ಪು, ಗ್ಲೂಕೋಸ್, ಸೋಡಾ ಇವುಗಳನ್ನು ಅಳತೆಯಂತೆ ನೀರಿನಲ್ಲಿ ಕಲಸಿ, ಅದನ್ನು ಕುಡಿಸುವಂತೆ ರೋಗಿಗಳ ನೆಂಟರಿಗೇ ಕೊಟ್ಟರು. ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದಲ್ಲಿ, ಆ ನೀರು ಕುಡಿದವರಲ್ಲಿ ಸತ್ತವರು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಇಂದು ಆ ಪುಡಿಯು ಓ.ಆರ್.ಎಸ್. ಎಂಬ ಹೆಸರಿನಿಂದ ಪ್ರತಿ ಆಶಾ ಕಾರ್ಯಕರ್ತೆಯ ಕೈಚೀಲದಲ್ಲಿ ಇರತಕ್ಕದ್ದು. ಪುಡಿ ಸಿಕ್ಕದಿದ್ದರೆ ಕಾಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಚಹಾಚಮಚ ಸಕ್ಕರೆಯನ್ನೂ ಅರ್ಧ ಚಹಾಚಮಚ ಉಪ್ಪನ್ನೂ ಮಟ್ಟವಾಗಿ ಅಳೆದು ಕಲಸಿ, ಗುಟುಕು ಗುಟುಕಾಗಿ ಕುಡಿಸಬಹುದು. ಭೇದಿಯಾಗುವ ಕೂಸಿಗೆ ನೀರು ಕೊಟ್ಟರೆ ಭೇದಿ ಹೆಚ್ಚಾಗುವದೆಂದು ಬಾಯಿ ಒಣಗಿಸುವವರಿದ್ದಾರೆ. ಅದು ಬಾವಿಯ ಬಳಿಯಲ್ಲಿ ಕೂತು ತಿತ್ತಿಯ ಬಾಯಿ ಕಟ್ಟಿದಂತಾಗುವದು. ನೀರು ಕುಡಿಸಬೇಕು, ಮೊಲೆಹಾಲನ್ನು ನಿಲ್ಲಿಸಬಾರದು, ಆಸ್ಪತ್ರೆಯವರು ಕೊಡುವ ಝಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ 14 ದಿನ ತುಂಬುವ ತನಕ ಕೊಡಬೇಕು.

ಮೂರನೆಯದು ತಾಯಿಯ ಮೈಯಲ್ಲಿಯೇ ಇದೆ. ಹಸು ಕರು ಹಾಕಿದಾಗ ಮೊದಲು ಗಿಣ್ಣುಹಾಲನ್ನು ಕರುವಿಗೆ ಕುಡಿಸಬೇಕೆಂದು ಒಕ್ಕಲಿಗನು ಬಲ್ಲನು. ಕುಡಿಸದಿದ್ದರೆ ಕರು ಉಳಿಯದೆಂದೂ ಬಲ್ಲನು. ಆದರೆ ತಾಯಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನನ್ನೋ ಸಕ್ಕರೆನೀರನ್ನೋ ಇಡುವ ಮನೆಗಳು ಇನ್ನೂ ಇವೆ. ಕರುವಿಗೆ ಸಲ್ಲುವ ನ್ಯಾಯವು ಕೂಸಿಗೆ ಸಲ್ಲಬಾರದೇ? ಹುಟ್ಟಿದ ಒಂದು ತಾಸಿನೊಳಗೆ ಮೊಲೆಗೆ ಹಾಕಬೇಕು. ಆರು ತಿಂಗಳ ವರೆಗೆ ತಾಯಿಯ ಹಾಲೊಂದೇ ಸಾಕು, ನೀರು ಸಹ ಬೇಡ. ತೂಕ ಕಡಿಮೆಯಾಗಿ ಹುಟ್ಟಿದ ಕೂಸನ್ನು ತಾಯಿಯ ಬರಿಯ ಎದೆಗೆ ಒರಗಿಸಿ, ಮೇಲೆ ಬಟ್ಟೆ ಸುತ್ತಿ ಬೆಚ್ಚಗಿಡಬೇಕು. ಐದು ದೇಶಗಳ ಆಸ್ಪತ್ರೆಗಳಲ್ಲಿ, ಅವುಗಳಲ್ಲಿ ನಮ್ಮ ದೇಶವೂ ಒಂದು, ಇದನ್ನು ಹುಟ್ಟಿದ ಕೂಡಲೆ ಆರಂಭಿಸಿ ನೋಡಿದಾಗ ಅತಿ ಚಿಕ್ಕ ಕೂಸುಗಳ ಮರಣವು ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಕ್ರಮವನ್ನು ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ನಡಿಸಿದ್ದಾರೆ. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ತಾಯಿಯ ಎದೆ ಸಾಕು.

3. ಬಾವಿಯ ಬಾಯ ಮೇಲಿನ ಕಲ್ಲು.

ಪ್ರಿಯರೇ, ಬಾವಿ ಇದ್ದರೂ ಎಲ್ಲರೂ ಅದರಿಂದ ಕುಡಿಯಲಾರರು. ಯಾಕೋಬನು ಪದ್ದನ್ ಅರಾಮಿನ ಕಡೆಗೆ ಹೋದಾಗ ಅಲ್ಲಿ ಬಾವಿಯ ಬಾಯಿಗೆ ದೊಡ್ಡ ಕಲ್ಲು ಮುಚ್ಚಿತ್ತು. ಕುರಿಗಳು ಬಾಯಾರಿ ಸುತ್ತಲೂ ಮಲಗಿದ್ದವು. ನಮ್ಮ ಸೀಮೆಯಲ್ಲಿಯೂ ಅಂಥ ಕಲ್ಲುಗಳಿವೆ.

ಒಂದು ಕಲ್ಲು ಸೂತಕವೆಂಬದು. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಬಾಣಂತಿಯನ್ನೂ ಹಸುಗೂಸನ್ನೂ ಊರೊಳಗೆ ಸೇರಿಸದೆ ಹೊರಗೆ ಒಂದು ಗುಡಿಸಲಿನಲ್ಲಿ ಇರಿಸಿದರು. ಮಳೆ ಹಿಡಿದಿತ್ತು. ಕೂಸು ಶೀತಕ್ಕೆ ಸಿಕ್ಕಿ ತೀರಿಹೋಯಿತು. ಆ ಹಟ್ಟಿಯವರನ್ನು ಹಳಿಯುವದಕ್ಕಾಗಿ ಇದನ್ನು ಬರೆಯುವದಿಲ್ಲ. ಅವರೂ ತಮ್ಮ ಮಕ್ಕಳನ್ನು ಪ್ರೀತಿಸುವವರೇ. ಆದರೆ ಆ ಗುಡಿಸಲನ್ನು ನೋಡುವಾಗ ಗಿಡದ ಕೆಳಗೆ ಮಲಗಿದ್ದ ಇಷ್ಮಾಯೇಲನು ಕಣ್ಣಿಗೆ ಬಾರದೆ ಇರುವನೇ? ರಕ್ತಕುಸುಮ ರೋಗವುಳ್ಳ ಸ್ತ್ರೀಯು ಮುಟ್ಟಿದಾಗ ನಮ್ಮ ಕರ್ತನು ಮೈಲಿಗೆಯಾಯಿತೆಂದು ಹಿಂದೆ ಸರಿಯಲಿಲ್ಲ. ಅವಳನ್ನು ಮಗಳೇ ಎಂದು ಕರೆದನು. ಆತನ ಹೆಸರನ್ನು ಹೊತ್ತ ಮನೆಗಳಲ್ಲಿ ಬಾಣಂತಿಯು ಮೂಲೆಯ ನೆಲಕ್ಕೂ ಹಳೆಯ ಚಿಂದಿಗೂ ಒಪ್ಪಿಸಲ್ಪಡದೆ, ಮನೆಯ ಬೆಚ್ಚಗಿನ ಜಾಗದಲ್ಲಿಯೂ ಒಗೆದ ಬಟ್ಟೆಯಲ್ಲಿಯೂ ಇರಬೇಕು.

ಇನ್ನೊಂದು ಕಲ್ಲು ಕಾಗದವೆಂಬದು. 2022ರ ನವೆಂಬರ್ ತಿಂಗಳಲ್ಲಿ ತುಮಕೂರು ಪಟ್ಟಣದಲ್ಲಿ ಒಬ್ಬ ಬಡ ಗರ್ಭಿಣಿಯು, ಪರಭಾಷೆಯವಳು, ತಾಯಿ ಕಾರ್ಡೂ ಆಧಾರ್ ಕಾರ್ಡೂ ಇಲ್ಲವೆಂದು ಆಸ್ಪತ್ರೆಯಲ್ಲಿ ಸೇರಿಸಲ್ಪಡದೆ ಮನೆಗೆ ಹಿಂದಿರುಗಿದಳು. ಮನೆಯಲ್ಲಿಯೇ ಹೆರಿಗೆಯಾಗಿ, ಅವಳೂ ಅವಳ ಅವಳಿ ಕೂಸುಗಳೂ ಪ್ರಾಣಬಿಟ್ಟರು. ಆ ಮೇಲೆ ಸರ್ಕಾರದವರು ವಿಚಾರಣೆ ಮಾಡಿ ಕೆಲವರನ್ನು ಕೆಲಸದಿಂದ ಅಮಾನತು ಮಾಡಿದರು. ಹೋದ ಮೂರು ಜೀವಗಳು ಹೋದವು. ಹಳ್ಳಿಯಲ್ಲಿ ಪದ್ಧತಿಯು ಮುಚ್ಚಿದ ಬಾಗಿಲನ್ನು ಪಟ್ಟಣದಲ್ಲಿ ಕಾಗದವು ಮುಚ್ಚಿತು. ಎರಡು ಕಡೆಗಳಲ್ಲಿಯೂ ಹೊರಗೆ ಉಳಿದವಳು ಹಾಗರಳೇ.

ಮೂರನೆಯ ಕಲ್ಲು ಎಳೆಯ ಪ್ರಾಯದ ಮದುವೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವರುಷದ ಹೆಂಗಸರಲ್ಲಿ ನೂರಕ್ಕೆ 21 ಮಂದಿ 18 ವರುಷ ತುಂಬುವದಕ್ಕೆ ಮುಂಚೆಯೇ ಮದುವೆಯಾದವರೆಂದು ಕಂಡುಬಂತು. ತಾನೇ ಬೆಳೆಯುತ್ತಿರುವ, ರಕ್ತ ಸಾಲದ ಹುಡುಗಿಯು ಹೆತ್ತ ಕೂಸು ತೂಕ ಕಡಿಮೆಯಾಗಿ ಹುಟ್ಟುವದು; ತೂಕ ಕಡಿಮೆಯಾದ ಕೂಸಿಗೆ ಶೀತವೂ ಜ್ವರವೂ ಬೇಗನೆ ತಗಲುವದು. ಆದಕಾರಣ ಹೆಣ್ಣುಮಗುವಿನ ತಟ್ಟೆಗೆ ಮನೆಯವರು ಹಾಕುವ ಮುದ್ದೆ, ಸೊಪ್ಪು, ಮೊಟ್ಟೆ ಮುಂದೆ ಹುಟ್ಟುವ ಮೊಮ್ಮಗುವಿಗೂ ಸೇರುತ್ತದೆ.

ನಾಲ್ಕನೆಯದು ಕೂಲಿಯ ಕಲ್ಲು. ಮಳೆಯಿಲ್ಲದ ವರುಷ ಕೆಲಸ ಹುಡುಕಿ ಬೆಂಗಳೂರಿಗೆ ಹೋಗುವ ಕುಟುಂಬದ ಕೂಸಿಗೆ ಚುಚ್ಚುಮದ್ದಿನ ದಿನ ತಪ್ಪುವದು. ಊರಲ್ಲಿದ್ದವಳಿಗೂ ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಇಲ್ಲ. ಜ್ವರ ಬಂದ ಕೂಸನ್ನು ಸಂತೆಯ ದಿನದ ವರೆಗೆ ಕಾಯಿಸುವ ತಾಯಿಯನ್ನು ನಿರ್ದಯಳೆಂದು ಹೇಳಬಾರದು. ಅವಳ ತಿತ್ತಿಯಲ್ಲಿ ಎಷ್ಟು ನೀರಿದೆಯೆಂದು ಮೊದಲು ನೋಡಬೇಕು.

4. ಎದ್ದು ಹುಡುಗನ ಕೈ ಹಿಡಿ.

ದೇವದೂತನು ಹಾಗರಳಿಗೆ ಕಣ್ಣೀರನ್ನು ನಿಲ್ಲಿಸೆಂದು ಮಾತ್ರ ಹೇಳಿ ಹೋಗಲಿಲ್ಲ. ಎದ್ದು ಹುಡುಗನನ್ನು ಎತ್ತಿ ಅವನ ಕೈಯನ್ನು ಹಿಡಿದುಕೊಳ್ಳಬೇಕೆಂದು ಅಪ್ಪಣೆಯಾಯಿತು. ಅವಳು ಅದರಂತೆ ಎದ್ದಳು, ತಿತ್ತಿಯನ್ನು ತುಂಬಿದಳು, ಕುಡಿಸಿದಳು. ಪ್ರಾರ್ಥನೆಗೆ ಉತ್ತರ ಸಿಕ್ಕಿದ ಮೇಲೆಯೂ ನೀರು ಸೇದುವ ಕೆಲಸ ಮನುಷ್ಯರ ಕೈಗೇ ಉಳಿಯಿತು.

ದೊಡ್ಡ ಕೆಲಸಕ್ಕೆ ನಾವು ಶಕ್ತರಲ್ಲವೆಂದು ಯಾರೂ ಹೇಳಬಾರದು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಬಂಗ್, ರಾಣಿ ಬಂಗ್ ಎಂಬ ವೈದ್ಯ ದಂಪತಿಗಳು 1990ರ ದಶಕದಲ್ಲಿ 39 ಹಳ್ಳಿಗಳ ಹೆಂಗಸರಿಗೆ ಹಸುಗೂಸಿನ ಆರೈಕೆಯನ್ನು ಕಲಿಸಿದರು. ಅವರು ಹೆಚ್ಚು ಓದಿದವರಲ್ಲ. ಮನೆಮನೆಗೆ ಹೋಗಿ ಕೂಸನ್ನು ತೂಗಿ, ಬೆಚ್ಚಗಿಟ್ಟು, ಉಸಿರು ಎಣಿಸಿ, ರೋಗದ ಗುರುತು ಕಂಡ ಕೂಡಲೆ ಮದ್ದು ಕೊಟ್ಟರು. ಮೂರು ವರುಷಗಳಲ್ಲಿ ಅಲ್ಲಿಯ ಹಸುಗೂಸುಗಳ ಮರಣವು, ಈ ಆರೈಕೆಯಿಲ್ಲದ ಸುತ್ತಿನ ಹಳ್ಳಿಗಳಿಗೆ ಹೋಲಿಸಿದರೆ, ನೂರಕ್ಕೆ 62 ಪಾಲು ಇಳಿಯಿತು. ಇಂದು ಆಶಾ ಕಾರ್ಯಕರ್ತೆಯು ಬಾಣಂತಿಯ ಮನೆಗೆ 42 ದಿನಗಳೊಳಗೆ ಆರು ಸಾರಿ ಬರಬೇಕೆಂಬ ನಿಯಮದ ಬೇರು ಅಲ್ಲಿದೆ. ಅವಳು ಬಾಗಿಲಿಗೆ ಬಂದಾಗ ಯಾವ ಜಾತಿಯವಳೆಂದು ಕೇಳದೆ ಒಳಗೆ ಕರೆದು ಕೂಸನ್ನು ಅವಳ ಕೈಗೆ ಕೊಡಬೇಕು.

ಪ್ರತಿಯೊಂದು ಸಭೆಯವರೂ ತಮ್ಮ ಊರಿನ ಗರ್ಭಿಣಿಯರು ಯಾರೆಂದು ತಿಳಿದಿರಬೇಕು. ಸಭೆಯವರನ್ನು ಮಾತ್ರವಲ್ಲ, ಹಟ್ಟಿಯವರನ್ನೂ, ಕೂಲಿಗಾಗಿ ಬಂದು ಗುಡಾರ ಹಾಕಿದವರನ್ನೂ ಎಣಿಸಬೇಕು. ಯಾರಿಗೆ ತಾಯಿ ಕಾರ್ಡ್ ಇಲ್ಲವೋ ಅವಳನ್ನು ಓದು ಬಲ್ಲವರೊಬ್ಬರು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಮಾಡಿಸಲಿ. ಹೆರಿಗೆಯ ನೋವು ಆರಂಭವಾದಾಗ 108ಕ್ಕೆ ದೂರವಾಣಿ ಮಾಡುವವರು ಯಾರು, ಬಂಡಿ ತಡವಾದರೆ ಯಾರ ಆಟೋ ಹೊರಡಬೇಕು, ಮನೆಯಲ್ಲಿ ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂಬದನ್ನು ಮುಂಚಿತವಾಗಿಯೇ ಗೊತ್ತುಮಾಡಿರಿ. ಕಾಣಿಕೆಯ ಹಣದಲ್ಲಿ ಕೊಂಚವನ್ನು ರೋಗಿಯಾದ ಕೂಸಿನ ತಾಯಿಯ ಬಸ್ ಖರ್ಚಿಗೂ ತಪ್ಪಿದ ಕೂಲಿಗೂ ಎತ್ತಿಡುವದು ಒಳ್ಳೇದು. ಹಿರಿಯ ತಾಯಂದಿರು, ಸೊಸೆಯಂದಿರು ನಿಮ್ಮ ಮಾತನ್ನೇ ಕೇಳುವರಾದದರಿಂದ, ಅವರಿಗೆ ಈ ಗುರುತುಗಳನ್ನು ಕಲಿಸಿರಿ: ಕೂಸು ಮೊಲೆ ಹಿಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಜ್ವರದಿಂದ ಸುಟ್ಟರೆ, ಉಸಿರಾಡುವಾಗ ಎದೆಯ ಕೆಳಗೆ ಒಳಕ್ಕೆ ಸೇದಿದರೆ, ಎರಡು ತಿಂಗಳೊಳಗಿನ ಕೂಸಿನ ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಾದರೆ, ಫಿಟ್ಸ್ ಬಂದರೆ, ಬೆಳಗಾಗಲಿ ಎಂದು ಕಾಯದೆ ಹೊರಡಬೇಕು. ಬರೆ ಎಳೆಯಬಾರದು, ತಾಯಿತಕ್ಕೆ ಓಡಬಾರದು. ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಿರಿ. ದೇವರು ಬಸ್ಸಿನಲ್ಲಿಯೂ ಕೇಳುವನು.

ಕಡೆಯದಾಗಿ, ಈಗಾಗಲೇ ಕೂಸನ್ನು ಮಣ್ಣಿಗೆ ಕೊಟ್ಟಿರುವ ತಾಯಂದಿರಿಗೆ ಒಂದು ಮಾತು. ಇದನ್ನು ಓದುವದನ್ನು ಕೇಳಿ, ನನ್ನಿಂದಲೇ ಹೀಗಾಯಿತೇ ಎಂದು ನೀವು ಎದೆ ಬಡಿದುಕೊಳ್ಳಬಾರದು. ನಿಮ್ಮ ಕೈಯಲ್ಲಿ ಕೊಡಲ್ಪಟ್ಟದ್ದು ಒಂದೇ ತಿತ್ತಿ. ಅದು ಬರಿದಾದದ್ದಕ್ಕೆ ದೇವರು ಹಾಗರಳನ್ನು ಗದರಿಸಲಿಲ್ಲ. ಆತನು ಮೊದಲು ಅವಳನ್ನು ಹೆಸರು ಹಿಡಿದು ಕರೆದು, ಏನಾಯಿತೆಂದು ಕೇಳಿದನು. ಅರಸನಾದ ದಾವೀದನು ಸಹ ಕೂಸು ಬದುಕಿರುವ ವರೆಗೆ ನೆಲದ ಮೇಲೆ ಬಿದ್ದು ಬೇಡಿಕೊಂಡನು. ಅದು ತೀರಿಹೋದ ಮೇಲೆ ಎದ್ದು, ತಾನು ಒಂದು ದಿನ ಅದರ ಬಳಿಗೆ ಹೋಗುವೆನೆಂಬ ನಿರೀಕ್ಷೆಯಲ್ಲಿ ಊಟಮಾಡಿದನು. ನಿಮ್ಮ ಕೂಸು ನಮ್ಮ ಕರ್ತನ ತೋಳುಗಳಲ್ಲಿದೆ. ಆದರೆ ನಿಮ್ಮ ದುಃಖವು ಊರಿನ ಕಣ್ಣನ್ನು ತೆರೆಯಬಲ್ಲದು. ನೆರೆಮನೆಯ ಕೂಸಿಗೆ ಭೇದಿಯಾದ ದಿನ ಉಪ್ಪು ಸಕ್ಕರೆಯ ನೀರನ್ನು ಹಿಡಿದು ಮೊದಲು ಹೋಗುವವರು ನೀವೇ ಆಗಿರಿ.

ಹೊಸ ಯೆರೂಸಲೇಮಿನಲ್ಲಿ ಕೆಲವೇ ದಿನ ಬದುಕಿ ಸಾಯುವ ಕೂಸು ಇರುವದಿಲ್ಲವೆಂದು ಯೆಶಾಯ ಪ್ರವಾದಿಯು 65ನೆಯ ಅಧ್ಯಾಯದಲ್ಲಿ ಮುಂದಾಗಿ ತಿಳಿಸಿದ್ದಾನೆ. ಆ ದಿನವು ಬರುವ ವರೆಗೆ ನಮ್ಮ ಕೈಯಲ್ಲಿ ತಿತ್ತಿ ಇದೆ, ಮುಂದೆ ಬಾವಿ ಇದೆ, ಗಿಡದ ಕೆಳಗಿನಿಂದ ಕೂಗು ಕೇಳಿಬರುತ್ತಿದೆ. ಆ ಕೂಗನ್ನು ಕೇಳುವ ದೇವರು ತಾನೇ ನಮ್ಮ ಕಿವಿಗಳನ್ನೂ ಕಣ್ಣುಗಳನ್ನೂ ತೆರೆಯಲಿ. ಆಮೆನ್.